ಬೇಗೂರು ‘ಬಗರ’ ಆಗಬಾರದು: ವೀರಗಲ್ಲು ಸೈಟಿಗೆ ಸಿಎಂಎಸ್ ಸಿಕ್ಕಿತು

ನಾವು ಕಟ್ಟುತ್ತಿರುವ ಕನ್ನಡದ ವೀರಗಲ್ಲು ಸೈಟಿನಲ್ಲಿ ಆತಕೂರಿನ ಕಲ್ಲಿನ ಪುಟ ನಿನ್ನೆ ರಾತ್ರಿ ತನ್ನ ಪೂರ್ತಿ ಹೆಸರಿನಲ್ಲಿ ತೆರೆದುಕೊಂಡಿತು. ಬ್ರೌಸರಿನ ವಿಳಾಸದ ಜಾಗದಲ್ಲಿ ‘ಆತಕೂರಿನ-ಕಾಳಿ-ನಾಯಿಯ-ವೀರಗಲ್ಲು’ ಅಂತ ಸರಿಯಾಗಿ ನಿಂತಿತ್ತು. ಒಂದು ಕೊಂಬೂ ಕಳೆದಿಲ್ಲ, ಒಂದು ಒತ್ತೂ ಉದುರಿಲ್ಲ. ಸಿಎಂಎಸ್ (ಸೈಟಿನ ಪುಟಗಳನ್ನು ಬರೆದು ನಿಭಾಯಿಸುವ ತಂತ್ರಾಂಶ) ತೀರ್ಮಾನ ಆಗಿದೆ: ವ್ಯಾಗ್‌ಟೇಲ್. ಸರ್ವರ್, ಡೊಮೇನ್, ಎಸ್‌ಎಸ್‌ಎಲ್ ಕೆಲಸವೆಲ್ಲ ನೀವೂ ಮಾಡಿರುವಂಥದ್ದೇ, ಅದನ್ನು ಬಿಡುತ್ತೇನೆ. ಕಾಡಿದ ಒಂದು ತೊಂದರೆಯನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಕನ್ನಡದಲ್ಲಿ ಸೈಟ್ ಕಟ್ಟುವವರಿಗೆ ಇವತ್ತಲ್ಲ ನಾಳೆ ಅದು ಎದುರಾಗುತ್ತದೆ.

ವಿನ್ಯಾಸದ ವಿಷಯ ಸ್ವಲ್ಪ ಹೇಳಲೇಬೇಕು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಹಂತದಲ್ಲಿ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಎದುರು ಕೂತ ವೀರ. ಬರಹ ಇದ್ದರೆ ಅದು ಹೆಚ್ಚಾಗಿ ಹಂತಗಳ ನಡುವಿನ ಪಟ್ಟಿಯಲ್ಲಿರುತ್ತದೆ. ಮೂರು ಹಂತ ಸಾಮಾನ್ಯ, ಆದರೆ ಒಂದೇ ಹಂತದ ಕಲ್ಲುಗಳೂ ಇವೆ, ಇನ್ನೂ ಜಾಸ್ತಿ ಇರುವವೂ ಇವೆ. ತಂಗಿ ಪೆನ್‌ಪಾಟ್ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಬರೆದುಕೊಟ್ಟ ವಿನ್ಯಾಸವೂ ಹಾಗೇ. ಪುಟ ತಳದಲ್ಲಿ ತೆರೆದುಕೊಳ್ಳುತ್ತದೆ, ಓದುವವರು ಮೇಲಕ್ಕೆ ಹೋಗುತ್ತಾರೆ. “ಅಣ್ಣ, ಕಲ್ಲಿನ ಮುಂದೆ ನಿಂತವರ ಕಣ್ಣು ಹೇಗೆ ಓಡುತ್ತೋ ಪುಟದಲ್ಲೂ ಹಾಗೇ ಓಡಬೇಕು, ಅದರಲ್ಲಿ ರಾಜಿ ಬೇಡ” ಅಂದಳು. ಅವಳ ಮಾತು ನೂರಕ್ಕೆ ನೂರು ಸರಿ.

ಹಾಗಾಗಿ ರೆಡಿಮೇಡ್ ಥೀಮ್‌ಗಳೆಲ್ಲ ಮೊದಲೇ ಹೊರಗೆ ಹೋದವು. ಆದರೂ ಬೇಗ ಮುಗಿಯಬಹುದು ಅಂತ ಒಂದು ಥೀಮಿಗೆ ದುಡ್ಡು ಕೊಟ್ಟು ನೋಡಿದೆ. ‘ಎಲ್ಲಾ ಭಾಷೆಗೂ ಸರಿ’ ಅಂತ ಮಾರಿದ್ದರು. ಶೀರ್ಷಿಕೆಗಳ ಸಾಲಿನ ಎತ್ತರ ಎಷ್ಟು ಬಿಗಿ ಅಂದರೆ ಒತ್ತಕ್ಷರಗಳ ಅರ್ಧ ಭಾಗ ಕೆಳಗಿನ ಗೆರೆಯಲ್ಲಿ ಮುಳುಗಿಹೋಗುತ್ತಿತ್ತು. ಮಾರಿದವರಿಗೆ ಬರೆದರೆ ‘ಕ್ಯಾಶ್ ಖಾಲಿ ಮಾಡಿ ನೋಡಿ’ ಅಂತ ಉತ್ತರ ಬಂತು, ಅಂದರೆ ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ ಅಳಿಸಿ ಅಂತ. ಕ್ಯಾಶ್ ಖಾಲಿ ಮಾಡಿದರೆ ‘ಲ್ಲ’ದ ಒತ್ತು ಮೇಲೆ ಬರುತ್ತದೆಯೇ? ಹೋಸ್ಟಿಂಗ್ ಕೊಟ್ಟವರದು ಇನ್ನೊಂದು ಕಥೆ. ವ್ಯಾಗ್‌ಟೇಲ್ ಓಡಲು ಬೇಕಾದ ಪೈಥಾನ್ ಭಾಷೆ ಇದೆ ಅಂದಿದ್ದರು. ಇತ್ತು, ಆದರೆ ವ್ಯಾಗ್‌ಟೇಲ್‌ಗೆ ತಳಪಾಯವಾದ ಜ್ಯಾಂಗೊ ಚೌಕಟ್ಟಿನ ಈಗಿನ ಆವೃತ್ತಿ ಓಡದಷ್ಟು ಹಳೆಯದು. ಮೊದಲ ವರ್ಷದ ದರ ನೋಡಿ ಹೋಸ್ಟಿಂಗ್ ತೆಗೆದುಕೊಳ್ಳಬೇಡಿ, ನವೀಕರಣದ ದರ ಕೇಳಿ. ಈಗ ಚಿಕ್ಕದೊಂದು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಮೇಲೆ ನೆಮ್ಮದಿಯಾಗಿದ್ದೇನೆ.

ಕೊನೆಯ ಸುತ್ತಿಗೆ ಉಳಿದವು ವರ್ಡ್‌ಪ್ರೆಸ್, ಡ್ರುಪಾಲ್, ವ್ಯಾಗ್‌ಟೇಲ್. ಡೈರೆಕ್ಟಸ್ ಅನ್ನುವ ಇನ್ನೊಂದು ನೋಡಲು ಚೆನ್ನಾಗಿತ್ತು. ಆದರೆ 2023ರಲ್ಲಿ ಹತ್ತನೇ ಆವೃತ್ತಿಗೆ ಬಂದಾಗ ಅದು ಲೈಸೆನ್ಸ್ ಬದಲಿಸಿತು. ಈಗ ಸೋರ್ಸ್ ನೋಡಬಹುದು, ಅಷ್ಟಕ್ಕೇ ಅದು ಓಪನ್ ಸೋರ್ಸ್ ಆಗುವುದಿಲ್ಲ. ಈ ಸೈಟ್ ನಾನು ಕೈಬಿಟ್ಟ ಮೇಲೂ ಊರಿನ ಬೇರೆ ಯಾರಾದರೂ ಮುಂದುವರಿಸುವಂತೆ ಇರಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಲೈಸೆನ್ಸ್ ಓದದೆ ಯಾವುದನ್ನೂ ಮುಟ್ಟಲಿಲ್ಲ.

ಮೂರನ್ನೂ ತೂಗಲು ಒಂದೇ ಪರೀಕ್ಷೆ ಇಟ್ಟೆ. ನಮ್ಮಲ್ಲಿರುವ ಉದ್ದದ ಹೆಸರೊಂದನ್ನು ಕೊಡುವುದು, ಅದರ ಸ್ಲಗ್, ಅಂದರೆ ವಿಳಾಸದಲ್ಲಿ ಪುಟದ ಹೆಸರು ಬರುವ ಭಾಗ, ಏನಾಗುತ್ತದೆ ನೋಡುವುದು. ಸ್ಲಗ್ ಕನ್ನಡದಲ್ಲೇ ಇರಬೇಕು ಅನ್ನುವ ಹಠ ಶಾಸನ ಓದಿಕೊಡುವ ಮೇಷ್ಟ್ರದ್ದು. ಸೈಟಿಗೆ ವಿವರ ತುಂಬುವವರೂ ಅವರೇ. “ಇಂಗ್ಲಿಷ್ ಸ್ಲಗ್ ಇಟ್ಟರೆ ಎಲ್ಲಾ ಸುಲಭ ಸಾರ್” ಅಂದೆ. “ಸುಲಭ ಇರಬಹುದು ಕಣಪ್ಪ. ಸಾವಿರ ವರ್ಷದ ಹಿಂದೆ ಕಲ್ಲಲ್ಲೇ ಕನ್ನಡ ಕೊರೆದಿದ್ದಾರೆ, ನಿನ್ನ ಕಂಪ್ಯೂಟರಲ್ಲಿ ಆಗಲ್ವಾ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆತಕೂರಿನ ಕಲ್ಲು ಗೊತ್ತಲ್ವಾ? ಮಂಡ್ಯ ಜಿಲ್ಲೆಯದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು 949–50. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಹಾಕಿಸಿದ ಕಲ್ಲು ಅದು. ಅಂಥ ನಾಯಿಯ ಹೆಸರು ಪುಟದ ವಿಳಾಸದಲ್ಲಿ ಇರಲೇಬೇಕು.

ವರ್ಡ್‌ಪ್ರೆಸ್‌ಗೆ ಈ ಹೆಸರು ಕೊಟ್ಟೆ. ಬಂದದ್ದು ‘ಆತಕೂರಿನ-ಕಾಳಿ-ನಾಯಿಯ-ವೀರಗಲ’. ಕೊನೆಯ ‘ಲ್ಲು’ ಅರ್ಧಕ್ಕೇ ನಿಂತಿತು. ಕಾರಣ ಬರೀ ಲೆಕ್ಕ. ವರ್ಡ್‌ಪ್ರೆಸ್ ಸ್ಲಗ್ ಇಡುವ ಡೇಟಾಬೇಸ್ ಕಾಲಂ 200 ಅಕ್ಷರದ್ದು, ಅದೂ ಎನ್‌ಕೋಡ್ ಆದ ರೂಪದಲ್ಲಿ, ಅಂದರೆ ಕನ್ನಡವನ್ನು ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳಾಗಿ ಬದಲಿಸಿದ ಮೇಲೆ. ಯೂನಿಕೋಡ್ ಅನ್ನು ಬೈಟುಗಳಾಗಿ ಇಡುವ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ (ಅಕ್ಷರ ಒಂದು, ಅದರ ಸ್ವರ ಚಿಹ್ನೆ ಇನ್ನೊಂದು) ಮೂರು ಬೈಟ್. ಶೇಕಡಾ ಚಿಹ್ನೆ ಸೇರಿ ಒಂದೊಂದು ಬೈಟಿಗೆ ಮೂರು ಅಕ್ಷರ. ಅಂದರೆ ಒಂದು ‘ಕ’ ಒಂಬತ್ತು ಅಕ್ಷರ ನುಂಗುತ್ತದೆ, ಅದರ ಕೊಂಬು ಇನ್ನೊಂದು ಒಂಬತ್ತು. ಆತಕೂರಿನ ಹೆಸರಿನಲ್ಲಿ 24 ಸಂಕೇತ, ಮೂರು ಅಡ್ಡಗೆರೆ. ಒಟ್ಟು 219. ಇನ್ನೂರು ದಾಟಿತು, ಕತ್ತರಿ ಬಿತ್ತು. 22 ಸಂಕೇತಕ್ಕಿಂತ ಉದ್ದದ ಕನ್ನಡ ಹೆಸರು ಅಲ್ಲಿ ಹಿಡಿಸುವುದೇ ಇಲ್ಲ. ಕಾಲಂ ಹಿಗ್ಗಿಸುವ ಉಪಾಯಗಳಿವೆ. ಆದರೆ ಆ 200 ಕೋಡಿನ ಒಳಗೂ ಒಂದಕ್ಕಿಂತ ಹೆಚ್ಚು ಕಡೆ ಕೂತಿದೆ. ಪ್ರತಿ ಅಪ್‌ಡೇಟಿಗೂ ಅದನ್ನು ಅಟ್ಟಿಸಿಕೊಂಡು ಹೋಗುವ ಮನಸ್ಸಿರಲಿಲ್ಲ.

ಡ್ರುಪಾಲ್ ಈ ಪರೀಕ್ಷೆಯಲ್ಲಿ ಪಾಸಾಯಿತು, ಅದನ್ನು ಒಪ್ಪಬೇಕು. ಅದರ ವಿಳಾಸ ಕಟ್ಟುವ ಪಾತ್‌ಆಟೊ ಮಾಡ್ಯೂಲ್‌ನಲ್ಲಿ ಲಿಪ್ಯಂತರ ಆಯ್ಕೆ ತೆಗೆದುಹಾಕಿದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಹಂತಗಳಿಗೆ ಪ್ಯಾರಾಗ್ರಾಫ್ಸ್ ಮಾಡ್ಯೂಲ್ ಇದೆ. ದೊಡ್ಡ ಸಂಸ್ಥೆಯಾಗಿದ್ದರೆ, ನಾಲ್ಕು ಜನ ನೋಡಿಕೊಳ್ಳುವವರಿದ್ದರೆ ಡ್ರುಪಾಲ್ ಅನ್ನೇ ಹಿಡಿಯುತ್ತಿದ್ದೆ. ಆದರೆ ಮೇಷ್ಟ್ರಿಗೆ ಅದರ ಎಡಿಟ್ ಪರದೆ ಹಿಡಿಸಲಿಲ್ಲ. ತಂಗಿ ಬರೆದ ಶುದ್ಧ ಎಚ್‌ಟಿಎಂಎಲ್ ಅನ್ನು ಅದರ ಟೆಂಪ್ಲೇಟುಗಳ ಪದರಗಳ ಮೂಲಕ ಹೊರಗೆ ತರುವುದರಲ್ಲಿ ನನಗೂ ಸಾಕಾಯಿತು. ವ್ಯಾಗ್‌ಟೇಲ್ ಈ ವಿಷಯದಲ್ಲಿ ಅಪ್ಪಟ. ಅದು ತನ್ನ ಕಡೆಯಿಂದ ಹೊರಗಿನ ಪುಟಕ್ಕೆ ಯಾವ ರೂಪವನ್ನೂ ಹೇರುವುದಿಲ್ಲ. ಟೆಂಪ್ಲೇಟ್ ನಿಮ್ಮದು, ಎಚ್‌ಟಿಎಂಎಲ್ ನಿಮ್ಮದು. ಪುಟವನ್ನು ತುಂಡು ತುಂಡಾಗಿ ಜೋಡಿಸಲು ಬಿಡುವ ಅದರ ಸ್ಟ್ರೀಮ್‌ಫೀಲ್ಡ್‌ನಲ್ಲಿ ‘ಹಂತ’ ಅನ್ನುವ ಒಂದು ಬ್ಲಾಕ್ ಮಾಡಿದೆ. ಮೇಷ್ಟ್ರು ಕಲ್ಲಿನಲ್ಲಿ ಎಷ್ಟು ಹಂತ ಇದೆಯೋ ಅಷ್ಟು ಸೇರಿಸುತ್ತಾ ಹೋಗುತ್ತಾರೆ. ಮೂರು ಸಿಎಂಎಸ್‌ಗಳಲ್ಲಿ ಅವರು ನಕ್ಕಿದ್ದು ಅಲ್ಲಿ ಮಾತ್ರ.

ಈಗ ಅಸಲಿ ತೊಂದರೆ. ಹಳೆಯ ಪಟ್ಟಿಯನ್ನು ಸ್ಕ್ರಿಪ್ಟ್ ಬರೆದು ವ್ಯಾಗ್‌ಟೇಲ್‌ಗೆ ತುಂಬಿದೆ. ಸ್ಲಗ್ ಅನ್ನು ಅದೇ ಮಾಡಿಕೊಳ್ಳಲಿ ಅಂತ ಖಾಲಿ ಬಿಟ್ಟಿದ್ದೆ. ತೆರೆದು ನೋಡಿದರೆ ವೀರಗಲ್ಲು ‘ವರಗಲಲ’, ಹೆಬ್ಬಾಳ ‘ಹಬಬಳ’, ಮಂಡ್ಯ ‘ಮಡಯ’! ಬೆಂಗಳೂರಿನ ಹೆಸರು ಕಾಣಿಸಿಕೊಳ್ಳುವ ಹಳೆಯ ಕಲ್ಲು, ಸುಮಾರು 890ರದು, ಬೇಗೂರಿನಲ್ಲಿದೆ. ಆ ಬೇಗೂರು ‘ಬಗರ’ ಆಗಿತ್ತು. ಬಿಳಿಗೆರೆ, ಬೆಳಗೆರೆ ಎರಡೂ ‘ಬಳಗರ’ ಆಗಿ, ಎರಡನೆಯದಕ್ಕೆ ವ್ಯಾಗ್‌ಟೇಲ್ ‘ಬಳಗರ-2’ ಅಂತ ನಂಬರ್ ಕೊಟ್ಟಿತ್ತು. ಮನೆಯಲ್ಲಿ ಇಡೀ ಸಂಜೆ ಎಲ್ಲರೂ ಒಬ್ಬರನ್ನೊಬ್ಬರು ಹೀಗೇ ಕರೆದುಕೊಂಡು ನಕ್ಕಿದ್ದೇ ನಕ್ಕಿದ್ದು.

ಕೈಯಿಂದ ಸರಿಯಾದ ಸ್ಲಗ್ ಟೈಪ್ ಮಾಡಿದರೆ ಉಳಿಸಲು ಬಿಡಲಿಲ್ಲ. ಯೂನಿಕೋಡ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಅಡ್ಡಗೆರೆ ಮಾತ್ರ ಹಾಕಿ ಅನ್ನುವ ಕೆಂಪು ಸಾಲು. ‘ಧಾರವಾಡ’ ಆಗುವುದಿಲ್ಲ, ‘ಹಾಸನ’ ಆಗುವುದಿಲ್ಲ, ‘ಗದಗ’ ಆಗುತ್ತದೆ! ಆ ಒಂದು ಊರು ಒಳಗೆ ಹೋದದ್ದೇ ಬೀಗದ ಕೈ ಆಯಿತು. ಗದಗದಲ್ಲಿ ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ, ಸೊನ್ನೆಯಿಲ್ಲ. ಬರೀ ಮೂರು ವ್ಯಂಜನ.

ತೊಂದರೆ ಇರುವುದು ಪೈಥಾನಿನ ರೆಜೆಕ್ಸ್‌ನಲ್ಲಿ, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದಲ್ಲಿ. ಅಲ್ಲಿ ‘ಪದದ ಅಕ್ಷರ’ ಅನ್ನಲು ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಬಳಸುತ್ತೇವೆ. ಪೈಥಾನಿನ ಲೆಕ್ಕದಲ್ಲಿ ಅದಕ್ಕೆ ಸಿಗುವುದು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ನಮ್ಮ ಸ್ವರ ಚಿಹ್ನೆ, ಹಲಂತ, ಅನುಸ್ವಾರ ಯೂನಿಕೋಡ್‌ನಲ್ಲಿ ‘ಮಾರ್ಕ್’ ಅನ್ನುವ ಬೇರೆ ಗುಂಪಿಗೆ ಸೇರಿವೆ. ಹಾಗಾಗಿ ಅವು ಪದದ ಭಾಗವೇ ಅಲ್ಲ ಅಂತ ತೀರ್ಮಾನ. ಯೂನಿಕೋಡ್‌ನವರೇ ರೆಜೆಕ್ಸ್‌ಗಾಗಿ ಬರೆದ ಶಿಫಾರಸಿನಲ್ಲಿ ಮಾರ್ಕ್‌ಗಳನ್ನೂ ಪದದೊಳಗೆ ಸೇರಿಸಿ ಅಂತ ಹೇಳಿದ್ದಾರೆ. ಪೈಥಾನ್ ಅದನ್ನು ಅನುಸರಿಸಿಲ್ಲ. ಜ್ಯಾಂಗೊ ಪೈಥಾನ್ ಮೇಲೆ ನಿಂತಿದೆ, ವ್ಯಾಗ್‌ಟೇಲ್ ಜ್ಯಾಂಗೊ ಮೇಲೆ. ಹಿಂದಿ, ತೆಲುಗು, ತಮಿಳು ಸೈಟುಗಳಿಗೂ ಇದೇ ಪಾಡು. ಇಷ್ಟು ಕೋಟಿ ಜನ ಬರೆಯುವ ಲಿಪಿಗಳು ಇನ್ನೂ ಈ ಸ್ಥಿತಿಯಲ್ಲಿವೆ ಅನ್ನುವುದು ನನಗೆ ನಿಜವಾಗಿ ಬೇಜಾರು ತರಿಸಿತು.

ಇದರ ಮಧ್ಯೆ ಬೇಜಾರು ಕಳೆಯಲು ಒಂದು ದಿನ ಕಂಪ್ಯೂಟರ್ ಮುಚ್ಚಿಟ್ಟು ಕಲ್ಲು ನೋಡಲು ಹೋದೆ. ಅಲ್ಲೇ ಮುಂದಿನ ಪ್ರಾಜೆಕ್ಟ್ ಹುಟ್ಟಿತು! ಸವೆದ ಅಕ್ಷರ ನಡುಮಧ್ಯಾಹ್ನ ಕಾಣುವುದೇ ಇಲ್ಲ, ಓರೆ ಬಿಸಿಲಿನಲ್ಲಿ ಎದ್ದು ಬರುತ್ತದೆ. ಅದನ್ನೇ ಕ್ರಮವಾಗಿ ಮಾಡುವ ವಿಧಾನ ಆರ್‌ಟಿಐ. ಮಾಹಿತಿ ಹಕ್ಕು ಅಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ಕಲ್ಲಿನ ಪಕ್ಕ ಹೊಳೆಯುವ ಕಪ್ಪು ಗುಂಡು ಇಟ್ಟು, ಫ್ಲ್ಯಾಶ್ ಅನ್ನು ಬೇರೆ ಬೇರೆ ಕೋನದಿಂದ ಬೀಳಿಸುತ್ತಾ ಫೋಟೊ ತೆಗೆಯುವುದು. ಬೆಳಕು ಯಾವ ಕಡೆಯಿಂದ ಬಂತು ಅಂತ ಗುಂಡಿನ ಮೇಲಿನ ಹೊಳಪು ಹೇಳುತ್ತದೆ. ಆಮೇಲೆ ಪರದೆಯ ಮೇಲೆ ಮೌಸ್ ಆಡಿಸಿದಂತೆ ಬೆಳಕು ತಿರುಗಿಸಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಕ್ಯಾನರ್ ನಮ್ಮ ಕೈಗೆ ಎಟುಕುವುದಿಲ್ಲ. ಟ್ರೈಪಾಡ್, ಫ್ಲ್ಯಾಶ್, ಒಂದು ಕಪ್ಪು ಗುಂಡು ಎಟುಕುತ್ತವೆ. ಗುಂಡು ಹುಡುಕುತ್ತಿದ್ದೇನೆ.

ಸರಿ, ಸ್ಲಗ್‌ಗೆ ವಾಪಸ್. ಮೂರು ಕಡೆ ಕೈ ಹಾಕಬೇಕಾಯಿತು.

ಒಂದು, ತಪಾಸಣೆ. ಸ್ಲಗ್ ಸರಿಯಿದೆಯೇ ಅಂತ ನೋಡುವ ಜ್ಯಾಂಗೊದ ಯೂನಿಕೋಡ್ ಸ್ಲಗ್ ವ್ಯಾಲಿಡೇಟರ್ ಒಂದೇ ಒಂದು ಆಬ್ಜೆಕ್ಟ್. ಮಾಡೆಲ್ ಕೇಳುವುದೂ ಅದನ್ನೇ, ಫಾರ್ಮ್ ಕೇಳುವುದೂ ಅದನ್ನೇ. ಆಪ್ ಶುರುವಾಗುವಾಗ ಅದರ ರೆಜೆಕ್ಸ್ ಬದಲಿಸಿ, ಕನ್ನಡದ ಇಡೀ ಯೂನಿಕೋಡ್ ಬ್ಲಾಕ್ ಅನ್ನು, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಒಳಗೆ ಬಿಟ್ಟೆ. ಕೆಂಪು ಸಾಲು ಹೋಯಿತು, ಪುಟ ಉಳಿಯಿತು. ಆದರೆ ಮುಖಪುಟದ ಪಟ್ಟಿಯಲ್ಲಿ ಲಿಂಕ್ ಇರಬೇಕಾದ ಕಡೆ ‘None’, ಅಂದರೆ ಏನೂ ಇಲ್ಲ, ಅಂತ ಬಂತು. ವಿಳಾಸವನ್ನು ಕೈಯಿಂದ ಹಾಕಿದರೆ 404, ಪುಟ ಇಲ್ಲ.

ಎರಡನೆಯ ಗಂಟು ಅಲ್ಲಿತ್ತು. ವ್ಯಾಗ್‌ಟೇಲ್ ಪುಟಗಳನ್ನು ಬಡಿಸುವ ಯುಆರ್‌ಎಲ್ ಪ್ಯಾಟರ್ನ್‌ನಲ್ಲೂ ಅದೇ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಕೂತಿದೆ! ಒಳಬರುವ ವಿಳಾಸಕ್ಕೂ ಅದೇ ಜರಡಿ, ಲಿಂಕ್ ಕಟ್ಟುವಾಗಲೂ ಅದೇ ಜರಡಿ. ನಮ್ಮ ಯುಆರ್‌ಎಲ್ ಫೈಲಿನಲ್ಲಿ ‘ಸ್ಲ್ಯಾಷ್ ಬಿಟ್ಟು ಏನಾದರೂ’ ಅನ್ನುವ ಹೊಸ ಪ್ಯಾಟರ್ನ್ ಬರೆದು, ಪುಟ ಕಳಿಸಿಕೊಡುವ ವ್ಯಾಗ್‌ಟೇಲ್‌ನ ಸರ್ವ್ ವ್ಯೂಗೆ ಅದೇ ಹೆಸರಿನಲ್ಲಿ ಜೋಡಿಸಿದೆ. ಹೆಸರು ಅದೇ ಇರಬೇಕು, ಇಲ್ಲದಿದ್ದರೆ ಲಿಂಕುಗಳು ಅದನ್ನು ಹುಡುಕಿಕೊಳ್ಳುವುದಿಲ್ಲ. ಇದನ್ನು ಎಲ್ಲಕ್ಕಿಂತ ಕೊನೆಯಲ್ಲಿಡಿ, ಸಿಕ್ಕಿದ್ದನ್ನೆಲ್ಲ ಹಿಡಿಯುವ ಪ್ಯಾಟರ್ನ್ ಅದು. ರೀಲೋಡ್ ಕೊಟ್ಟ ತಕ್ಷಣ ಆತಕೂರು ತೆರೆಯಿತು. ಕಾಳಿ ಗೆದ್ದಳು!

ಮೂರನೆಯದು ಕಣ್ಣಿಗೆ ಕಾಣದ್ದು. ಮೇಷ್ಟ್ರ ಹಳೆಯ ಫೈಲುಗಳು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿವೆ. ಪರಿವರ್ತಕ ಕೊಟ್ಟ ‘ಹೊಸೂರು’ ಮತ್ತು ಅವರೇ ಕೂತು ಟೈಪ್ ಮಾಡಿದ ‘ಹೊಸೂರು’ ನೋಡಲು ಒಂದೇ, ಒಳಗೆ ಬೇರೆ. ‘ಹೊ’ದ ಸ್ವರ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘದ ಕೊಂಬು ಸೇರಿಸಿ ಎರಡಾಗಿಯೂ ಬರೆಯಬಹುದು. ಹೀಗೆ ಒಂದೇ ಊರಿಗೆ ಎರಡು ವಿಳಾಸ ಹುಟ್ಟುತ್ತಿದ್ದವು. ಸ್ಲಗ್ ಉಳಿಸುವ ಮುಂಚೆ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಯೂನಿಕೋಡ್ ಕ್ರಮ) ಮಾಡಿದರೆ ಎರಡೂ ಒಂದಾಗುತ್ತವೆ. ಜೊತೆಗೆ ಅಕ್ಷರ ಕೂಡದಂತೆ ತಡೆಯುವ ಆ ಅದೃಶ್ಯ ಸಂಕೇತ, ಝಡ್‌ಡಬ್ಲ್ಯುಎನ್‌ಜೆ, ಅದನ್ನು ಸ್ಲಗ್‌ನಿಂದ ತೆಗೆದಿದ್ದೇನೆ. ಶೀರ್ಷಿಕೆಯಲ್ಲಿ ಹಾಗೇ ಇದೆ. ತಾನಾಗಿ ಸ್ಲಗ್ ಮಾಡುವ ಜಾಗದಲ್ಲೂ ನಮ್ಮದೇ ಪುಟ್ಟ ಫಂಕ್ಷನ್ ಕೂರಿಸಿದ್ದೇನೆ, ಹಾಗಾಗಿ ಇನ್ನು ‘ಬಗರ’ ಇಲ್ಲ.

ವಾಟ್ಸಾಪ್‌ನ ಗೋಳು ಉಳಿದಿತ್ತು. ಬ್ರೌಸರಿನಲ್ಲಿ ಚೆಂದ ಕಾಣುವ ಕನ್ನಡ ವಿಳಾಸ ಕಾಪಿ ಮಾಡಿ ಅಂಟಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗುತ್ತದೆ. ಅದಕ್ಕೆ ‘ಹಂಚಿ’ ಬಟನ್ ಹಾಕಿ, ಅದರಿಂದ ಪುಟದ ನಂಬರ್ ಇರುವ ಚಿಕ್ಕ ವಿಳಾಸ ಕಾಪಿ ಆಗುವಂತೆ ಮಾಡಿದೆ. ತೆರೆದ ತಕ್ಷಣ ಅದು ಕನ್ನಡ ವಿಳಾಸಕ್ಕೆ ತಿರುಗುತ್ತದೆ. ಮೇಷ್ಟ್ರು ಮೊದಲು ಕಳಿಸಿದ್ದು ಅವರ ಊರಿನ ಶಾಲೆಯ ಗುಂಪಿಗೆ.

ವ್ಯಾಗ್‌ಟೇಲ್ ಅಪ್‌ಗ್ರೇಡ್ ಆದಾಗ ಈ ಮೂರೂ ಮುರಿಯಬಾರದಲ್ವಾ? ಅದಕ್ಕೆ ಊರ ಹೆಸರುಗಳ ಒಂದು ಪಟ್ಟಿಯನ್ನೇ ಟೆಸ್ಟ್ ಆಗಿ ಬರೆದಿದ್ದೇನೆ. ಬೇಗೂರು, ಹೆಬ್ಬಾಳ, ಮಂಡ್ಯ, ಎರಡು ಬಗೆಯ ಹೊಸೂರು, ಆಮೇಲೆ ಆತಕೂರಿನ ಉದ್ದ ಹೆಸರು. ನೀವು ಯಾವ ಸಿಎಂಎಸ್ ಹಿಡಿದರೂ ಥೀಮ್ ನೋಡುವ ಮುಂಚೆ ಇಂಥ ಪಟ್ಟಿ ಓಡಿಸಿ. ಗದಗವನ್ನು ಮಾತ್ರ ಕೊಟ್ಟು ಸಮಾಧಾನ ಪಡಬೇಡಿ.

ಈಗ ಮೇಜಿನ ಮೇಲಿರುವುದು ಹುಡುಕಾಟ. ‘ವೀರಗಲ್ಲು’ ಅಂತ ಹುಡುಕಿದರೆ ‘ವೀರಗಲ್ಲಿನ’, ‘ವೀರಗಲ್ಲಿಗೆ’ ಇರುವ ಪುಟಗಳು ಬರುತ್ತಿಲ್ಲ. ಪ್ರತ್ಯಯ ಬಿಡಿಸುವ ಸಣ್ಣ ಪಟ್ಟಿಯೊಂದನ್ನು ಮೇಷ್ಟ್ರ ಜೊತೆ ಕೂತು ಬರೆಯಲು ಶುರು ಮಾಡಿದ್ದೇನೆ. ವಿಭಕ್ತಿ ಅಂದರೆ ಅವರಿಗೆ ಹಬ್ಬ, ಸಪ್ತಮಿಯವರೆಗೆ ಆಗಲೇ ಮುಗಿಸಿದ್ದಾರೆ.