ಯಾವ ಥೆರಪಿ ಚಲೋ ಐತ್ರಿ?

ಮನಸ್ಸಿನ ತ್ರಾಸಿಗೆ ಚಿಕಿತ್ಸೆ ಹುಡುಕುವ ಹುಬ್ಬಳ್ಳಿ-ಧಾರವಾಡದ ಕಡೆಯವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಥೆರಪಿಯ ಹೆಸರು ಹಿಡಿದು ಹುಡುಕಬೇಡಿ. ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ: ತ್ರಾಸು ಯಾವ ಹೊತ್ತಿಗೆ ಬಂತು, ಆಗ ಮನಸ್ಸಿಗೆ ಏನು ಹೊಳೆಯಿತು, ನೀವು ಏನು ಮಾಡಿದಿರಿ. ದಾರಿ ತೋರಿಸುವುದು ಆ ಮೂರನೆಯದು.

ಕೈ ತೊಳೆಯುವ ಗೀಳನ್ನೇ ನೋಡಿ. 'ಕೈ ಸ್ವಚ್ಛ ಅದಾವ ಹೌದಲ್ಲೋ ಅವ್ವಾ?' ಎಂದು ಮಗ ಕೇಳುತ್ತಾನೆ, ತಾಯಿ 'ಅದಾವಪಾ' ಅನ್ನುತ್ತಾಳೆ. ಐದು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ಬರೀ ಧೈರ್ಯ ಹೇಳುವ ಕೌನ್ಸೆಲಿಂಗ್ ಕೂಡ ಇಲ್ಲಿ ಆ ತಾಯಿಯ ಉತ್ತರದಂತೆಯೇ ಗೀಳಿಗೆ ನೀರೆರೆಯುತ್ತದೆ. ಇದಕ್ಕೆ ಬೇಕಾದದ್ದು ಇಆರ್‌ಪಿ, ಅಂದರೆ ಭಯವನ್ನು ಎದುರಿಸಿಯೂ ಗೀಳಿನ ಕೆಲಸ ಮಾಡದೆ ಇರಲು ಕಲಿಸುವ ಚಿಕಿತ್ಸೆ. ಭಯಗಳನ್ನು 0ಯಿಂದ 100ರವರೆಗೆ ಅಳೆದು ಪಟ್ಟಿ ಮಾಡುತ್ತಾರೆ. ಚಿಗರಿ ಬಸ್ಸಿನ ಕಂಬಿ ಮುಟ್ಟುವುದು 40 ಆದರೆ ಅಲ್ಲಿಂದ ಶುರು: ಮುಟ್ಟಬೇಕು, ಕೈ ತೊಳೆಯಬಾರದು, ತಳಮಳದ ಜೊತೆಗೇ ಕೂರಬೇಕು. ಮೊದಲ ವಾರಗಳಲ್ಲಿ ಜೀವ ಹೈರಾಣಾಗುತ್ತದೆ. ಬಹಳ ಜನ ಬಿಟ್ಟುಬಿಡುವುದು ಇಲ್ಲಿಯೇ. ಇದನ್ನು ಮೊದಲೇ ತಿಳಿಸದ ಥೆರಪಿಸ್ಟ್ ಅರ್ಧ ಕೆಲಸ ಮಾಡಿದಂತೆ.

ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳಲು ಆಗದವರಿಗೆ ದಿನಚರಿಯಿಂದ ಹಿಡಿಯುವ ಪದ್ಧತಿ ಚಲೋ; ಹತ್ತು ನಿಮಿಷ ನಡೆಯುವುದೇ ಮೊದಲ ಗುರಿ. ತಪ್ಪು ಲೆಕ್ಕಾಚಾರದ ಯೋಚನೆ ಕಾಡಿದರೆ ಸಿಬಿಟಿ (ಹುಬ್ಬಳ್ಳಿಯವರಿಗೆ ಇದು ಬಸ್ ನಿಲ್ದಾಣದ ಹೆಸರು, ಇಲ್ಲಿ ಹೇಳುತ್ತಿರುವುದು ಯೋಚನೆ-ನಡವಳಿಕೆ ತಿದ್ದುವ ಚಿಕಿತ್ಸೆ), ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಭೇಟಿ. ಗಂಡ-ಹೆಂಡಿರ ಜಗಳವೇ ಮೂಲವಾದರೆ ಒಬ್ಬರೇ ಹೋಗಿ ಕೂತರೆ ಹೆಚ್ಚು ಸಾಗದು.

ಇಲ್ಲದ ದನಿ ಕೇಳಿಸಿದರೆ, ದಿನಗಟ್ಟಲೆ ನಿದ್ದೆ ಇಲ್ಲದೆಯೂ ವಿಪರೀತ ಹುರುಪಿದ್ದರೆ ಮೊದಲು ಮನೋವೈದ್ಯರು, ಥೆರಪಿ ಆಮೇಲೆ. ಸುಸ್ತು, ಬೇಸರ ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಸಾಯುವ ಯೋಚನೆ ಬಂದರೆ ಯಾವ ಪದ್ಧತಿ ಎಂದು ಕಾಯಬೇಡಿ: ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಹಗಲು-ರಾತ್ರಿ, ಕನ್ನಡದಲ್ಲಿ. ಜೀವಕ್ಕೆ ಅಪಾಯ ಕಂಡರೆ ಒಬ್ಬರನ್ನೇ ಬಿಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಧಾರವಾಡದ ಡಿಮ್ಹಾನ್ಸ್ ಈ ಭಾಗದ ದೊಡ್ಡ ಸರ್ಕಾರಿ ಮಾನಸಿಕ ಆಸ್ಪತ್ರೆ. ಗದಗ, ಹಾವೇರಿಯವರು ಮೊದಲು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಬಹುದು. ಖಾಸಗಿಯಾಗಿ ಹೋಗುವಿರಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಕೇಳಿ. ನನ್ನ ತೊಂದರೆಗೆ ಯಾವ ಪದ್ಧತಿ, ಯಾಕೆ, ಎಷ್ಟು ಭೇಟಿ, ಮನೆಯಲ್ಲಿ ಮಾಡುವ ಕೆಲಸವೇನು ಎಂದೂ ಕೇಳಿ. 'ಎದಿ ಝಲ್ ಅಂತೈತಿ' ಅಂದದ್ದು ನೇರ ತಿಳಿಯುವವರು ಸಿಕ್ಕರೆ ಅರ್ಧ ಹೊರೆ ಇಳಿದಂತೆ.

ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯಿದೆ, ಒಟ್ಟು 27 ಅಂಕ. ಮೊದಲ ದಿನ ತುಂಬಿ, ಆರನೇ ಭೇಟಿಗೆ ಮತ್ತೆ ತುಂಬಿ. ಐದು ಅಂಕ ಇಳಿದಿದ್ದರೆ ಸುಧಾರಣೆ ಲೆಕ್ಕಕ್ಕುಂಟು. ಇಳಿಯದಿದ್ದರೆ ಥೆರಪಿಸ್ಟ್ ಎದುರೇ ಹಾಳೆ ಇಟ್ಟು ಮಾತಾಡಿ. ಎರಡನೇ ಭೇಟಿಗೇ ಥೆರಪಿಸ್ಟ್‌ರನ್ನು ಬದಲಿಸಬೇಡಿ. ಕೊನೆಗೆ ಬೇರೆಯವರ ಬಳಿ ಹೋಗಲೇಬೇಕಾದರೆ ನೋಟ್‌ಬುಕ್, ಅಂಕದ ಹಾಳೆ, ಗುಳಿಗೆ ಚೀಟಿ ಜೊತೆಗಿರಲಿ. ಎಲ್ಲವನ್ನೂ ಮೊದಲಿನಿಂದ ಹೇಳುವ ತ್ರಾಸು ತಪ್ಪುತ್ತದೆ.