ಮೇನ್ ಸ್ವಿಚ್ ಬಂದ್ ಮಾಡಿ ನೋಡಿದ ದಿನ

ಕರೆಂಟ್ ಹೋದರೆ ಹೊಸ ಅಕ್ವೇರಿಯಂ ಏನು ಮಾಡುತ್ತದೆ ನೋಡೋಣವೆಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇನ್ ಸ್ವಿಚ್ ಕೆಳಗೆ ಎಳೆದಾಗ ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಪಂಪಿನ ಗುಂಯ್‌ ಸದ್ದು ನಿಂತಿತು, ಪೈಪಿನಲ್ಲಿ ಗಾಳಿ ಎಳೆದ ಗುಳುಗುಳು ಕೇಳಿಸಿತು. ಆಮೇಲೆ ಕೆಳಗಿನ ಗಾಜಿನ ಸಂಪಿನಲ್ಲಿ ನೀರು ಏರತೊಡಗಿತು. 34 ಸೆಂಟಿಮೀಟರ್, 38, 42. ಸಂಪಿನ ಎತ್ತರವೇ 45. ಎರಡನೇ ಬಕೆಟ್ ಹುಡುಕುವಷ್ಟರಲ್ಲಿ ನೀರು ಅಂಚು ದಾಟಿ ಫರಸಿಯ ಮೇಲೆ ಹರಿಯಿತು. "ಏ ತಮ್ಮಾ, ನೀರು ಹೊರಗ ಬಂತ ನೋಡೋ" ಅಂದರು ಬಾಗಿಲಲ್ಲಿ ನಿಂತಿದ್ದ ಮನೆಯ ಅಜ್ಜಿ. ಹೋದದ್ದು ಹೆಚ್ಚೆಂದರೆ ಒಂದು ಕೊಡ. ಅದೂ ಬೋರಿನ ನೀರು, ಉಪ್ಪು ಬೆರೆಸಿರಲಿಲ್ಲ. ಅದಕ್ಕೇ ಮೊದಲ ಪರೀಕ್ಷೆ ಬರೀ ನೀರಿನಲ್ಲಿ.

ಜಾಗ ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆ. ಹಾಲ್ ಮತ್ತು ಅದರ ಹಿಂದಿನ ಸಾಮಾನಿನ ಕೋಣೆಯ ನಡುವಿನ ಗೋಡೆಯಲ್ಲಿ ಆರು ಅಡಿಯ ಹವಳದ ಅಕ್ವೇರಿಯಂ. ಒಳ ಅಳತೆ 180 ಸೆಂಟಿಮೀಟರ್ ಉದ್ದ, 75 ಅಗಲ, 60 ಎತ್ತರ. ಗಾಜು 15 ಮಿಲಿಮೀಟರ್, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ. ಸಂಪ್ ಎಂದರೆ ಅಂಗಳದಲ್ಲಿ ನಳದ ನೀರು ತುಂಬುವ ಸಂಪ್ ಅಲ್ಲ (ಪ್ಲಂಬರ್ ಮೊದಲ ದಿನ ಹಾಗೇ ತಿಳಿದು ಪೈಪನ್ನು ಅಂಗಳದ ಕಡೆ ಒಯ್ಯಲು ಹೊರಟಿದ್ದ). ಟ್ಯಾಂಕಿನ ಅಡಿಯಲ್ಲಿ ಕೂರುವ 120x45x45ರ ಇನ್ನೊಂದು ಗಾಜಿನ ತೊಟ್ಟಿ ಅದು. ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್, ಹೀಟರ್, ನೀರನ್ನು ಮೇಲಕ್ಕೆ ಕಳಿಸುವ ಪಂಪ್ ಎಲ್ಲಾ ಅದರಲ್ಲಿ.

ನೀರು ಯಾಕೆ ಹೊರಬಂತು ಎಂಬುದಕ್ಕೆ ಕಾಗದ, ಪೆನ್ಸಿಲ್ ಸಾಕು. ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 13.5 ಲೀಟರ್ ಕೆಳಗೆ ಬರುತ್ತದೆ. ಪಂಪ್ ನಿಂತ ಕೂಡಲೇ, ನೀರು ಮೇಲೆ ತಂದ ಪೈಪೇ ಅದನ್ನು ಸೈಫನ್ ಆಗಿ ವಾಪಸ್ ಎಳೆಯುತ್ತದೆ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 6 ಸೆಂಟಿಮೀಟರ್ ಆಳದಲ್ಲಿತ್ತು. ಅಂದರೆ 81 ಲೀಟರ್. ಪೈಪು ಮತ್ತು ಟ್ಯಾಂಕಿನಿಂದ ತುಳುಕುವ ನೀರು ಬೀಳುವ ಓವರ್‌ಫ್ಲೋ ಡಬ್ಬಿಯಲ್ಲಿದ್ದ ಹತ್ತು ಲೀಟರ್ ಸೇರಿಸಿ. ಸಂಪಿನಲ್ಲಿ ನೀರು ನಿಂತಿದ್ದದ್ದು 30 ಸೆಂಟಿಮೀಟರಿಗೆ. ಮೇಲೆ ಖಾಲಿ ಇದ್ದ 15 ಸೆಂಟಿಮೀಟರಿನಲ್ಲಿ ಹಿಡಿಯುವುದೂ ಸರಿಯಾಗಿ 81 ಲೀಟರ್. ಆ ಹತ್ತು ಲೀಟರೇ ಫರಸಿಯ ಮೇಲೆ ಬಂದದ್ದು. ಪೈಪಿನ ಬಾಯಿ ಆಳದಲ್ಲಿದ್ದರೆ ನೀರಿನ ಮೇಲ್ಮೈ ಅಲ್ಲಾಡುವುದಿಲ್ಲ, ನೋಡಲು ಚೆಂದ ಎಂದು ಇಳಿಸಿದ್ದೇ ತಪ್ಪು. ಮೇಲ್ಮೈ ಅಲ್ಲಾಡಬೇಕು, ಆಮ್ಲಜನಕ ಒಳಸೇರುವುದೇ ಅಲ್ಲಿಂದ.

ಪೈಪಿನಲ್ಲಿ ನೀರನ್ನು ಒಂದೇ ಕಡೆ ಹರಿಯಬಿಡುವ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿದರಾಯಿತು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಉಪ್ಪು ನೀರಿನಲ್ಲಿ ಅದರ ಮುಚ್ಚಳದ ಮೇಲೆ ಸುಣ್ಣ ಕಟ್ಟುತ್ತದೆ, ಒಂದು ಸಣ್ಣ ಬಸವನಹುಳು ಹೊಕ್ಕರೂ ಮುಚ್ಚುವುದಿಲ್ಲ. ನಂಬುವ ವಸ್ತುವಲ್ಲ. ಬಾಯನ್ನು ಮೇಲೆತ್ತಿ, ಮಟ್ಟಕ್ಕಿಂತ 2 ಸೆಂಟಿಮೀಟರ್ ಕೆಳಗೆ ನಿಲ್ಲಿಸಿದೆವು. ಮೇಲ್ಮೈಗೆ ತಗುಲುವಂತೆ ಪೈಪಿಗೆ 6 ಮಿಲಿಮೀಟರಿನ ಒಂದು ತೂತನ್ನೂ ಕೊರೆದೆವು. ನೀರು ಆ ತೂತಿನ ಕೆಳಗೆ ಇಳಿದ ಕೂಡಲೇ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಆದರೆ ಆ ತೂತಿನಲ್ಲಿ ಪಾಚಿ ಬೆಳೆಯುತ್ತದೆ, ತಿಂಗಳಿಗೊಮ್ಮೆ ಹಳೆ ಹಲ್ಲುಜ್ಜುವ ಬ್ರಷ್ ಆಡಿಸಬೇಕು. ಲೆಕ್ಕ ಕೂರಬೇಕಾದದ್ದು ಪೈಪಿನ ಬಾಯಿಯ ಮೇಲೆ, ತೂತಿನ ಮೇಲಲ್ಲ.

ನೀರು ಟ್ಯಾಂಕಿನಿಂದ ಸಂಪಿಗೆ ಇಳಿಯುವ ದಾರಿಗೆ ಮೂರು ಪೈಪು. ಒಂದು ಪೂರ್ತಿ ನೀರು ತುಂಬಿ ಹರಿಯುವಂಥದ್ದು, ಗೇಟ್ ವಾಲ್ವಿನಿಂದ ಹದ ಮಾಡುವುದು. ಇನ್ನೊಂದರಲ್ಲಿ ಸಣ್ಣ ಧಾರೆ ಮಾತ್ರ. ಮೂರನೆಯದು ಒಣಗಿಯೇ ಇರಬೇಕು, ಮೊದಲೆರಡು ಕಟ್ಟಿಕೊಂಡಾಗ ಕೆಲಸಕ್ಕೆ ಬರಲಿ ಎಂದು. ತೂತುಗಳನ್ನು ಗಾಜು ಅಂಟಿಸುವ ಮೊದಲೇ ಕೊರೆಸಬೇಕು, ತೂತಿಗೆ ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲ್ ಕೈಯಲ್ಲಿ ಹಿಡಿದು ಅಳತೆ ಕೊಡಬೇಕು. ಟಫನ್ ಮಾಡಿದ ಗಾಜು ಕೊರೆಯಲು ಹೋದರೆ ಪುಡಿಪುಡಿ. ನಿಪ್ಪಲಿನ ರಬ್ಬರ್ ವಾಷರ್ ಟ್ಯಾಂಕಿನ ಒಳಮೈಗೆ, ನಟ್ಟು ಹೊರಗೆ. ಕೈಯಿಂದ ಬಿಗಿ ಮಾಡಿ, ಪಾನಾದಲ್ಲಿ ಕಾಲು ಸುತ್ತು ಸಾಕು.

ಗೋಡೆಯ ಕೆಲಸ ಇದಕ್ಕೆ ಎರಡು ತಿಂಗಳು ಮೊದಲು ಮುಗಿದಿತ್ತು. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಅದೇ. ಗಾಜು, ನೀರು, ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್, ಸಂಪ್ ಕೂಡಿದರೆ ತೂಕ ಒಂದೂಕಾಲು ಟನ್. ಹುಬ್ಬಳ್ಳಿಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ತುಂಬಿದ ಮಣ್ಣಿನ ಮೇಲೆ ಹಾಸಿದ ಫರಸಿ ಆ ತೂಕಕ್ಕೆ ಒಂದು ಮೂಲೆಯಲ್ಲಿ 5 ಮಿಲಿಮೀಟರ್ ಕುಸಿದರೂ ಗಾಜು ತಿರುಚುತ್ತದೆ, ಅಂಟು ಬಿಡುತ್ತದೆ. ಹಾಗಾಗಿ ಫರಸಿ ಕಿತ್ತು, ಎರೆ ತೆಗೆದು, ಗರಸು ಹಾಕಿ ಕುಟ್ಟಿ, ಅದರ ಮೇಲೆ ಕಬ್ಬಿಣದ ಜಾಳಿಗೆಯ 5 ಇಂಚಿನ ಕಾಂಕ್ರೀಟ್ ಹಾಸು. ಇದನ್ನು ಮಾಳಿಗೆಯ ಮೇಲೆ ಮಾಡುವವರು ಎಂಜಿನಿಯರನ್ನು ಕೇಳದೆ ಇಟ್ಟಿಗೆ ಮುಟ್ಟಬಾರದು.

ಗೋಡೆ 9 ಇಂಚಿನದು. ಗೌಂಡಿ ಮೊದಲು ಚಾವಣಿಗೆ ಆಸರೆ ಕೊಟ್ಟು, ಎರಡೂ ಬದಿ 8 ಇಂಚು ಕೂರುವಂತೆ ಕಾಂಕ್ರೀಟ್ ಲಿಂಟಲ್ ಹಾಕಿ, ಅದು ಗಟ್ಟಿಯಾದ ಮೇಲಷ್ಟೇ ಕೆಳಗಿನ ಇಟ್ಟಿಗೆ ಒಡೆದ. ಕಿಂಡಿ ಟ್ಯಾಂಕಿಗಿಂತ ಚಿಕ್ಕದು: ಎತ್ತರ 20 ಇಂಚು ಮಾತ್ರ. ಮೇಲೆ ನೀರಿನ ಮಟ್ಟ, ಕೆಳಗೆ ಮರಳಿನ ಅಡಿ ಎರಡೂ ಗೋಡೆಯ ಹಿಂದೆ ಮರೆಯಾಗುತ್ತವೆ. ಟ್ಯಾಂಕ್ ಗೋಡೆಯ ಮೇಲೆ ಕೂರುವುದೇ ಇಲ್ಲ. ಅದು ಹಿಂದಿನ ಕೋಣೆಯಲ್ಲಿ ತನ್ನ ಸ್ಟ್ಯಾಂಡಿನ ಮೇಲೆ ನಿಂತು ಕಿಂಡಿಯಿಂದ ಇಣುಕುತ್ತದೆ ಅಷ್ಟೆ. ನಡುವೆ 10 ಮಿಲಿಮೀಟರ್ ಸಂದು, ಅದಕ್ಕೆ ಕಪ್ಪು ಫೋಮ್ ಪಟ್ಟಿ. ಅಲ್ಲಿ ಸಿಲಿಕಾನ್ ಹೊಡೆದರೆ ಗೋಡೆ ಅಲುಗಿದಾಗ ಗಾಜೂ ಅಲುಗುತ್ತದೆ, ನಾಳೆ ಟ್ಯಾಂಕ್ ಹಿಂದಕ್ಕೆ ಎಳೆಯಲೂ ಬರುವುದಿಲ್ಲ. ಸ್ಟ್ಯಾಂಡಿನ ಮೇಲೆ 18 ಮಿಲಿಮೀಟರಿನ ಮರೀನ್ ಪ್ಲೈವುಡ್, ಅದರ ಮೇಲೆ 12 ಮಿಲಿಮೀಟರ್ ಥರ್ಮಾಕೋಲ್. ಮಟ್ಟ ನೋಡಲು ಗೌಂಡಿಯ ನೀರಿನ ಪೈಪೇ ವಾಸಿ. ಆರು ಅಡಿಗೆ 2 ಮಿಲಿಮೀಟರ್ ವ್ಯತ್ಯಾಸ ಸಿಕ್ಕಿತು, ಬಿಟ್ಟೆವು.

ಹಿಂದೆ ಕೆಲಸಕ್ಕೆ ಮೂರು ಅಡಿ ಜಾಗ ಬೇಕೇ ಬೇಕು. ಟ್ಯಾಂಕಿನ ಮೇಲೆ ಎರಡು ಅಡಿ. ಗೋಡೆಯೊಳಗೆ ಕೂರಿಸಿ ಮೇಲೆ ಒಂದು ಅಡಿ ಮಾತ್ರ ಬಿಟ್ಟವರು ಆರು ತಿಂಗಳಲ್ಲಿ ಮೀನು ಕೊಟ್ಟುಬಿಡುತ್ತಾರೆ, ಯಾಕೆಂದರೆ ಕೈ ತಳ ಮುಟ್ಟುವುದಿಲ್ಲ. ದಿನಕ್ಕೆ 8-10 ಲೀಟರ್ ನೀರು ಆವಿಯಾಗುತ್ತದೆ. ಅದು ಕೋಣೆಯೊಳಗೇ ಉಳಿದರೆ ಗಿಲಾವು ಉದುರುತ್ತದೆ, ಬಾಗಿಲು ಉಬ್ಬುತ್ತದೆ. ಎಕ್ಸಾಸ್ಟ್ ಫ್ಯಾನ್, ಎದೆಮಟ್ಟದ ತನಕ ಟೈಲ್ಸ್, ನೆಲದಲ್ಲಿ ಒಂದು ಜಾಲರಿ ಮೋರಿ. ಆ ಒಂದು ಕೊಡ ನೀರು ಹೋದದ್ದೂ ಈ ಮೋರಿಗೇ.

ನೀರು ತಂಪು ಮಾಡುವ ಚಿಲ್ಲರ್ ಮಾತ್ರ ಕೋಣೆಯ ಹೊರಗೆ, ಹಿತ್ತಿಲ ಮಾಡಿನ ಕೆಳಗೆ. ಅದು ನೀರಿನಿಂದ ತೆಗೆದ ಬಿಸಿಯನ್ನು ಸುತ್ತಲಿನ ಗಾಳಿಗೇ ಉಗುಳುತ್ತದೆ. ಮುಚ್ಚಿದ ಕೋಣೆಯಲ್ಲಿಟ್ಟರೆ ತಾನೇ ಕಾಯಿಸಿದ ಗಾಳಿಯಲ್ಲಿ ತಾನೇ ಏದುಸಿರು ಬಿಡುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 37-38 ಡಿಗ್ರಿ ಇದ್ದಾಗ ನೀರನ್ನು 26ಕ್ಕೆ ಹಿಡಿಯಲು ಈ ಅಳತೆಗೆ ಅರ್ಧ ಹಾರ್ಸ್‌ಪವರಿನದು ಬೇಕು. ಡಿಸೆಂಬರ್ ರಾತ್ರಿಗೆ 300 ವ್ಯಾಟಿನ ಎರಡು ಹೀಟರ್. ಒಂದೇ ದೊಡ್ಡದಿದ್ದು ಅದರ ಸ್ವಿಚ್ ಅಂಟಿಕೊಂಡರೆ ಎಲ್ಲಾ ಬೆಂದುಹೋಗುತ್ತದೆ.

ನೀರಿನ ಲೆಕ್ಕ: ಕಲ್ಲು, ಮರಳಿನ ಜಾಗ ಕಳೆದು ಒಟ್ಟು ಸುಮಾರು 850 ಲೀಟರ್. ಸಮುದ್ರದ ನೀರು ಮಾಡುವ ಉಪ್ಪಿನಪುಡಿ 32-33 ಕಿಲೊ. ನಳಕ್ಕೆ ಬರುವ ಮಲಪ್ರಭೆಯ ನೀರು ಬೋರಿಗಿಂತ ಎಷ್ಟೋ ಮೃದು, ಆರ್‌ಓಗೆ ಅದನ್ನೇ ಕೊಡಬೇಕು. ಬೋರಿನ ಗಡಸು ನೀರಿಗೆ ಮೆಂಬ್ರೇನ್ ಬೇಗ ಕಟ್ಟುತ್ತದೆ. ಅಡುಗೆಮನೆಯ ಆರ್‌ಓ ನಡೆಯುವುದಿಲ್ಲ, ರುಚಿಗೆಂದು ಖನಿಜ ಮತ್ತೆ ಸೇರಿಸುತ್ತದೆ. ಆರ್‌ಓ ನಂತರ ಉಳಿದ ಲವಣ ಹಿಡಿಯುವ ರೆಸಿನ್ ಡಬ್ಬಿ ಹಾಯ್ದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಸೊನ್ನೆಗೆ ಬರಬೇಕು. ಒಂದಕ್ಕೆ ಮೂರು ಪಾಲು ನೀರು ವ್ಯರ್ಥ, ಅದನ್ನು ಡ್ರಮ್ಮಿಗೆ ಹಿಡಿದು ಬಚ್ಚಲಿಗೆ ಬಳಸಿದರು. ಆವಿಯಾದದ್ದನ್ನು ತುಂಬುವುದು ಸಿಹಿನೀರಿನಿಂದ, ಉಪ್ಪು ಆವಿಯಾಗುವುದಿಲ್ಲವಲ್ಲ. ತಾನಾಗಿ ತುಂಬುವ ಫ್ಲೋಟಿಗೆ 25 ಲೀಟರಿನ ಕ್ಯಾನು ಮಾತ್ರ ಜೋಡಿಸಿದೆವು. ಫ್ಲೋಟ್ ಸಿಕ್ಕಿಹಾಕಿಕೊಂಡು ಕ್ಯಾನು ಪೂರ್ತಿ ಸುರಿದರೂ ಉಪ್ಪಿನಂಶ ಸಾವಿರಕ್ಕೆ 35ರಿಂದ 34ಕ್ಕೆ ಇಳಿಯುತ್ತದೆ, ಅಷ್ಟೆ. ಛಾವಣಿಯ ಟ್ಯಾಂಕಿಗೆ ನೇರ ಜೋಡಿಸಿದವರ ಹಾಲ್ ಮುಳುಗಿದ್ದುಂಟು.

ಗೋವಾ, ಕಾರವಾರದ ದಂಡೆಯಿಂದ ಕಲ್ಲು, ಹವಳ ಹೆಕ್ಕಿ ತರುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಗಟ್ಟಿ ಅಸ್ಥಿಯ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿ ಅದು. ಇಲ್ಲಿ ಹಾಕುವುದು ಒಣ ಕಲ್ಲು 60 ಕಿಲೊ, ಅರಗೊನೈಟ್ ಎಂಬ ಸುಣ್ಣದ ಮರಳು 60 ಕಿಲೊ, ಮುಂದೆ ಕಾಗದಪತ್ರ ಇರುವ ಮೃದು ಹವಳ. ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಪೇರಿಸಿದರೆ ತೋಡುವ ಮೀನು ಅಡಿ ಕೊರೆದು ಗುಡ್ಡೆ ಬೀಳಿಸುತ್ತದೆ, ಬೀಳುವುದು ಗಾಜಿನ ಮೇಲೆ. ಮೀನಿಗೆ ವಿಷವಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ, ಅಲ್ಲಿಯವರೆಗೆ ಮೀನಿಲ್ಲ.

ಮಧ್ಯಾಹ್ನ ರೊಟ್ಟಿ ಉಂಡು ಮತ್ತೆ ಪೈಪಿನ ಕಡೆ ಬಂದೆವು. ಎಲೆಕ್ಟ್ರಿಷಿಯನ್ ಹಲಗೆಯ ಕೆಲಸ ಮುಗಿಸಿದ್ದ: ಬೇರೆಯೇ ಲೈನು, ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ನೀರು ಸಾಕೆಟ್ಟಿಗೆ ಹರಿಯದಿರಲೆಂದು ಪ್ರತಿ ವಾಯರೂ ಸಾಕೆಟ್ಟಿಗಿಂತ ಕೆಳಗೆ ಜೋತು ಮೇಲೇರುವಂತೆ. ಅಲೆ ಎಬ್ಬಿಸುವ ಪಂಪುಗಳಲ್ಲಿ ಒಂದು ಇನ್ವರ್ಟರ್ ಮೇಲೆ. 20 ವ್ಯಾಟ್ ತಿನ್ನುವ ಅದು 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಒಂದು ದಿನ ದಾಟುತ್ತದೆ. ಸ್ಕಿಮ್ಮರಿಗೆ ಹತ್ತು ನಿಮಿಷ ತಡವಾಗಿ ಹೊತ್ತುವ ಟೈಮರ್. ಕರೆಂಟ್ ಬಂದ ಗಳಿಗೆ ಸಂಪಿನಲ್ಲಿ ನೀರು ಎತ್ತರದಲ್ಲಿರುತ್ತದೆ, ಆಗಲೇ ಸ್ಕಿಮ್ಮರ್ ಶುರುವಾದರೆ ಬಟ್ಟಲಿನ ಕೊಳೆ ನೊರೆಯೆಲ್ಲ ಉಕ್ಕಿ ವಾಪಸ್ ನೀರಿಗೆ.

"ಅಡ್ಡಮಳಿ ಬಂದ್ರ ಸಂಜಿಗೆ ನಾಲ್ಕ್ ಸರ್ತಿ ಕರೆಂಟ್ ಹೋಗ್ತೈತಿ, ಆವಾಗ ಯಾರ್ ಬಕೆಟ್ ಹಿಡೀಬೇಕ್ರಿ?" ಎಂದು ಮನೆಯವರು ಕೇಳಿದರು. ಐದೂವರೆಗೆ ಸ್ವಿಚ್ ಮತ್ತೆ ಕೆಳಗೆ ಎಳೆದೆವು. ಸಂಪಿನ ನೀರು 30ರಿಂದ ಏರಿ, 37ರ ಕೆಳಗೇ ನಿಂತಿತು. ಮೇಲೆತ್ತಿ, ಎರಡು ನಿಮಿಷ ಬಿಟ್ಟು, ಮತ್ತೆ ಎಳೆದೆವು. ಅಲ್ಲಿಗೇ. ನಾಲ್ಕನೆಯ ಸಲ ಅಜ್ಜಿಯೇ ಎಳೆದರು. 30ರ ಗೆರೆಯನ್ನು ಮಾರ್ಕರಿನಿಂದ ಗಾಜಿನ ಮೇಲೆ ಎಳೆದು, ಓಡುವಾಗ ನೀರು ಇದಕ್ಕಿಂತ ಮೇಲೆ ಇರಕೂಡದು ಎಂದು ಬರೆದೆವು. ಎರಡು ದಿನ ಹಾಗೇ ನಿಲ್ಲಿಸಿ, ಅಂಟಿನ ಸಾಲುಗಳಿಗೆ ಟಿಶ್ಯೂ ಕಾಗದ ಒತ್ತಿ ನೋಡಿ, ಒಣಗಿಯೇ ಇದ್ದುದರಿಂದ ನೀರನ್ನು ಹಿತ್ತಿಲ ತೆಂಗಿಗೆ ಬಿಟ್ಟೆವು. ಉಪ್ಪು ಬಿದ್ದ ಮೇಲೆ ತೆಗೆಯುವ ನೀರು ಮೋರಿಗೇ, ಗಿಡಕ್ಕಲ್ಲ.