ಕುಲುಮೆ ಇಲ್ಲದೆ ಚಾಕು ಮಾಡಬಹುದೇ?

ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತ ನನ್ನ ಹವ್ಯಾಸ ತಿಳಿದವರು ಕೇಳುವುದು ಒಂದೇ ಪ್ರಶ್ನೆ: "ಮನೆಯಲ್ಲಿ ಕುಲುಮೆ ಇಲ್ಲ, ಕಮ್ಮಾರಿಕೆ ಗೊತ್ತಿಲ್ಲ. ನಾನೂ ಒಂದು ಚಾಕು ಮಾಡಬಹುದೇ?" ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದು ಕೋವಿ, ಕತ್ತಿಗಳು ಪೂಜೆಗೆ ಕೂತಾಗ ಕೇಳುವವರ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಮಾಡಬಹುದು. ಆದರೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಅಲಂಕಾರದ ಪೀಚೆಕತ್ತಿಗೆ ಕೈ ಹಾಕಬೇಡಿ. ಅದರ ಚೆಲುವು ಹೆಚ್ಚಾಗಿ ಹಿಡಿಯಲ್ಲಿ, ಒರೆಯಲ್ಲಿ, ಬೆಳ್ಳಿಯ ಸರಪಳಿಯಲ್ಲಿದೆ. ಅದು ಅಕ್ಕಸಾಲಿಗರ ಕೆಲಸ. ಅಡುಗೆಮನೆಗೆ ಆಗುವಂಥ, ನಾಲ್ಕೈದು ಅಂಗುಲ ಅಲಗಿನ ಸಣ್ಣ ಚಾಕು ಸಾಕು.

ಉಕ್ಕಿನ ಮಾತು ಬಂದರೆ ಎಲ್ಲರೂ ಗುಜರಿ ಅಂಗಡಿಯ ಲಾರಿ ಸ್ಪ್ರಿಂಗ್ ಪಟ್ಟೆಯತ್ತ ಬೆರಳು ತೋರಿಸುತ್ತಾರೆ. ಕಮ್ಮಾರನ ಕೈಗೆ ಅದು ಒಳ್ಳೆಯ ಉಕ್ಕೇ. ಅವನ ಬಳಿ ಅಡಿಗಲ್ಲಿದೆ, ಸುತ್ತಿಗೆಯಿದೆ; ಬಾಗಿದ ದಪ್ಪ ಪಟ್ಟೆಯನ್ನು ಕಾಯಿಸಿ ಬಡಿದು ತೆಳ್ಳಗೆ ಮಾಡುತ್ತಾನೆ. ಬರೀ ಅರ ಹಿಡಿದವನಿಗೆ ಅದು ಆಗದ ಕೆಲಸ. ವರ್ಷಗಟ್ಟಲೆ ಭಾರ ಹೊತ್ತ ಪಟ್ಟೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದು, ಅವು ಹೊರಬೀಳುವುದು ಎಲ್ಲ ಕೆಲಸ ಮುಗಿಸಿ, ಗಡಸು ಬರಲೆಂದು ಕಾಯಿಸಿ ಎಣ್ಣೆಗೆ ಅದ್ದಿದ ಮೇಲೆ. ಹಾಗಾಗಿ 3 ಮಿ.ಮೀ. ದಪ್ಪದ ಹೊಸ ಹೈ ಕಾರ್ಬನ್ ಉಕ್ಕಿನ ಪಟ್ಟಿಯನ್ನೇ ಕೊಳ್ಳಿ. ಇಂಥ ಉಕ್ಕಿನ ದರ್ಜೆ ಹೇಳುವ 1075, 1084 ಎಂಬ ಸಂಖ್ಯೆಗಳಲ್ಲಿ ಕೊನೆಯ ಎರಡು ಅಂಕಿಗಳು ಇಂಗಾಲದ ಲೆಕ್ಕ: 1084ರಲ್ಲಿ ಸುಮಾರು ಶೇ. 0.84. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲ ತೀರಾ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬಾರದು.

ಆಕಾರ ಕೊಡುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ. ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು, ಹ್ಯಾಕ್ಸಾದಿಂದ ಕೊಯ್ದು, ವೈಸ್‌ಗೆ ಬಿಗಿದು ಅರ ಹಾಕಿ. ಹಿಡಿ ಬಿಗಿಯುವ ರಿವೆಟ್‌ನ ತೂತುಗಳನ್ನು ಈಗಲೇ ಕೊರೆಯಿರಿ, ಉಕ್ಕು ಗಡಸಾದ ಮೇಲೆ ಡ್ರಿಲ್ ಇಳಿಯುವುದಿಲ್ಲ. ಅಲಗಿನ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಪೂರ್ತಿ ತೆಳುವಾಗಿಸದೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ದಪ್ಪ ಉಳಿಸಿ. ಇಲ್ಲವಾದರೆ ಬೆಂಕಿಗೆ ಸೊಟ್ಟಗಾಗುತ್ತದೆ.

ಕುಲುಮೆ ಬೇಡ ಎಂದೆನೇ ಹೊರತು ಬೆಂಕಿ ಬೇಡ ಎನ್ನಲಿಲ್ಲ. ಹದ ಹಾಕದ ಅಲಗು ಚಾಕುವಿನ ಆಕಾರದ ತಗಡು, ಅಷ್ಟೇ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಇದ್ದಿಲು ತುಂಬಿ, ಹೇರ್ ಡ್ರೈಯರ್‌ನ ಗಾಳಿಯನ್ನು ಕಬ್ಬಿಣದ ಕೊಳವೆಯಲ್ಲಿ ಹಾಯಿಸಿದರೆ ಇಷ್ಟು ಸಣ್ಣ ಅಲಗಿಗೆ ಬೇಕಾದ ಕಾವು ಸಿಗುತ್ತದೆ. ಸತುವಿನ ಲೇಪವಿರುವ ಕೊಳವೆ ಮಾತ್ರ ಬೇಡ, ಕಾದರೆ ಅದರ ಹೊಗೆ ವಿಷ. ಮುಸ್ಸಂಜೆಯ ಹೊತ್ತು ಆರಿಸಿಕೊಳ್ಳಿ. ಬಿಸಿಲಿನಲ್ಲಿ ಉಕ್ಕು ಎಷ್ಟು ಕೆಂಪಾಗಿದೆ ಎಂಬುದು ತಿಳಿಯುವುದಿಲ್ಲ. ಪಕ್ಕದಲ್ಲಿ ಅಯಸ್ಕಾಂತವೂ ಇರಲಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕು ಅದಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನಷ್ಟು ಕಾಯಿಸಿ, ಕೆಂಪು ಕಿತ್ತಳೆಯತ್ತ ತಿರುಗಿದಾಗ, ಮೊನೆ ಮುಂದಾಗಿ ನೆಟ್ಟಗೆ ಎಣ್ಣೆಗೆ ಇಳಿಸಿ.

ಎಣ್ಣೆ 50–60 ಡಿಗ್ರಿಯಷ್ಟು ಬೆಚ್ಚಗಿರಬೇಕು. ಕಡಲೆಕಾಯಿ ಎಣ್ಣೆ ನಡೆಯುತ್ತದೆ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಪುಕ್ಕಟೆ ಸಿಕ್ಕರೂ ಬೇಡ, ಆ ಹೊಗೆ ಕುಡಿಯುವುದು ಎದೆಗೆ ಒಳ್ಳೆಯದಲ್ಲ. ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲೇ ಎಣ್ಣೆ ತುಂಬಿ. ಹೊತ್ತಿಕೊಂಡರೆ ಮುಚ್ಚಳ ಮುಚ್ಚಬೇಕು, ನೀರು ಸುರಿಯಬಾರದು. ತಣಿದ ಅಲಗಿನ ಮೇಲೆ ಅರ ಕಚ್ಚದೆ ಜಾರಿತೆಂದರೆ ಗಡಸು ಬಂದಿದೆ. ಸಂಭ್ರಮದಲ್ಲಿ ಕೈಯಿಂದ ಬೀಳಿಸೀರಿ ಜೋಕೆ, ಈಗ ಅದು ಗಾಜಿನಂತೆ ಒಡೆಯುತ್ತದೆ. ಅದೇ ದಿನ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಕೇಕ್ ಬೇಯಿಸುವ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಆರಿದ ಮೇಲೆ ಇನ್ನೊಮ್ಮೆ ಅಷ್ಟೇ ಹೊತ್ತು. ಮೈ ಒಣಹುಲ್ಲಿನ ಬಣ್ಣಕ್ಕೆ ಬಂದರೆ ಹದ ಸರಿಯಾಗಿದೆ. ಓವನ್ ಯಾರದ್ದೆಂದು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಉತ್ತಮ.

ಹಿಡಿಗೆ ಜಿಂಕೆಯ ಕೊಂಬು ಹಾಕಬಹುದೇ ಎಂದು ಕೇಳುವವರಿಗೆ ನನ್ನದು ಖಡಾಖಂಡಿತ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಟ್ಟದಲ್ಲಿ ಅಜ್ಜನ ಕಾಲದ ಕೊಂಬಿದ್ದರೆ ಅದನ್ನು ಗರಗಸಕ್ಕೆ ಕೊಡಬೇಡಿ. ಬೀಟೆ ಮರದ ಆಸೆಯೂ ಬೇಡ, ಅದರ ಹಿಂದೆ ಅರಣ್ಯ ಇಲಾಖೆಯ ಕಾಗದಪತ್ರಗಳ ಸಾಲೇ ಇದೆ. ತೋಟದಲ್ಲಿ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ ಇರುತ್ತದಲ್ಲ, ಅದರಷ್ಟು ಗಟ್ಟಿಯಾದ, ನುಣುಪಾದ ಹಿಡಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಎರಡು ತುದಿಗೂ ಮೇಣ ಬಳಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಆತುರಪಟ್ಟು ಬಿಸಿಲಿಗೆ ಇಟ್ಟರೆ ಸೀಳುತ್ತದೆ.

ನಮ್ಮ ಮಳೆಗಾಲದಲ್ಲಿ ಹಿಡಿ ಕೂರಿಸುವ ಕೆಲಸ ಇಟ್ಟುಕೊಳ್ಳಬೇಡಿ. ಜುಲೈನಲ್ಲಿ ತೇವ ಕುಡಿದ ಮರ ಮಾರ್ಚ್‌ನಲ್ಲಿ ಕುಗ್ಗಿ ಹಿಡಿ ಸಡಿಲವಾಗುತ್ತದೆ. ಈ ಉಕ್ಕು ಸ್ಟೇನ್‌ಲೆಸ್ ಅಲ್ಲವಾದ್ದರಿಂದ ಆ ತಿಂಗಳುಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿದೀತು. ಬಳಸಿದ ಮೇಲೆ ಒರೆಸಿ ತೆಂಗಿನೆಣ್ಣೆ ಸವರಿಡಿ. ಚರ್ಮದ ಒರೆಯಲ್ಲಿ ಮಾತ್ರ ಇಡಬೇಡಿ, ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.